ಜೀರ್ಣ ಜಿನಾಲಯವೂ ಜಲವರ್ಣ ಚಿತ್ರವೂ

(ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ಧರ್ಮಸಭೆಯ ಉಪನ್ಯಾಸ)

 

ಹೊಸ ಬಸದಿಯ ಪ್ರತಿಷ್ಠೆಯ ದಿನ ಹಾಳುಬಿದ್ದ ಗುಡಿಯ ಮಾತೆತ್ತುವುದು ಕೆಲವರಿಗೆ ಅಪಶಕುನವೆಂದು ತೋರಬಹುದು. ಧ್ವಜಾರೋಹಣ ನಡೆದಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಊರೂರುಗಳಿಂದ ಶ್ರಾವಕ ಶ್ರಾವಿಕೆಯರು ಬಂದು ನೆರೆದಿದ್ದಾರೆ. ಇಂಥ ಮಂಗಲ ಸಮಯದಲ್ಲಿ ಬಿರುಕುಬಿಟ್ಟ ಗೋಡೆ, ಮುರಿದ ಕಂಬ, ಗಿಡ ಬೆಳೆದ ಶಿಖರ ಇವುಗಳ ಚಿತ್ರವನ್ನು ಸಭೆಯ ಮುಂದಿಡುವುದು ಏತಕ್ಕೆ? ಈ ಪ್ರಶ್ನೆಗೆ ಉತ್ತರವು ಹಿರಿಯರು ಬರೆಯಿಸಿದ ಶಾಸನಗಳಲ್ಲಿಯೇ ಇದೆ.

ಕರ್ನಾಟಕದ ಜೈನ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು 'ಖಂಡಸ್ಫುಟಿತ ಜೀರ್ಣೋದ್ಧಾರ'. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು. ದೇವರ ಪೂಜೆಗೆ, ಋಷಿಯರ ಆಹಾರದಾನಕ್ಕೆ ಭೂಮಿಯನ್ನು ಬಿಟ್ಟುಕೊಡುವಾಗಲೇ, ಮುಂದೆ ಮುರಿಯುವುದನ್ನೂ ಬಿರಿಯುವುದನ್ನೂ ಸರಿಪಡಿಸಲು ಇದರ ಉತ್ಪನ್ನ ಸಲ್ಲಲಿ ಎಂದು ದಾನಿಗಳು ಕಲ್ಲಿನಲ್ಲಿ ಕೊರೆಯಿಸಿದರು. ಕಟ್ಟಡ ಇನ್ನೂ ಹೊಸದಾಗಿರುವಾಗಲೇ ಅದರ ಜೀರ್ಣಾವಸ್ಥೆಯನ್ನು ಅವರು ಕಂಡಿದ್ದರು. ಕಂಡು ಹೆದರಲಿಲ್ಲ, ಅದಕ್ಕೆ ಬೇಕಾದ ಏರ್ಪಾಡು ಮಾಡಿದರು. ಆದುದರಿಂದ ಪ್ರತಿಷ್ಠೆಯ ದಿನವೇ ಶೈಥಿಲ್ಯವನ್ನು ನೆನೆಯುವುದು ಜೈನ ಸಂಪ್ರದಾಯಕ್ಕೆ ಹೊರಗಿನದಲ್ಲ.

ಈ ಪ್ರದೇಶದ ಶಾಸನ ಸಂಪತ್ತು ಸಾಮಾನ್ಯವಾದುದಲ್ಲ. ಹಿಂದಿನ ಬಿಜಾಪುರ ಜಿಲ್ಲೆಯ, ಅಂದರೆ 2014ರಿಂದ ವಿಜಯಪುರವೆಂದು ಕರೆಯಲ್ಪಡುವ ಜಿಲ್ಲೆಯ ಹೊನವಾಡದಲ್ಲಿ ಕ್ರಿ. ಶ. 1054ರ ಶಾಸನವೊಂದು ದೊರೆತಿದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ, ರಾಣಿ ಕೇತಲದೇವಿಯ ಆಳ್ವಿಕೆಗೆ ಒಳಪಟ್ಟಿದ್ದ ಪೊನ್ನವಾಡದಲ್ಲಿ, ಚಾಂಕಿರಾಜನೆಂಬ ಶ್ರಾವಕನು ಶಾಂತಿನಾಥ ಸ್ವಾಮಿಗೆ ತ್ರಿಭುವನತಿಲಕವೆಂಬ ಜಿನಾಲಯವನ್ನು ಕಟ್ಟಿಸಿದನೆಂದು ಅದು ಹೇಳುತ್ತದೆ. ಇಂಡಿ ಸೀಮೆಯ ಸಾಲೋಟಗಿಯ ಕ್ರಿ. ಶ. 945ರ ಸ್ತಂಭಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯನ್ನೂ ವಿದ್ಯಾರ್ಥಿಗಳ ವಾಸಕ್ಕೆಂದು ಇದ್ದ 27 ಮನೆಗಳನ್ನೂ ಸ್ಮರಿಸುತ್ತದೆ. ಅದು ಜೈನ ಸಂಸ್ಥೆಯಲ್ಲವಾದರೂ ಈ ನೆಲದ ಹಿರಿಮೆಯೇ ಸರಿ.

ಆದರೆ ಶಾಸನಕ್ಕೂ ಒಂದು ಎಲ್ಲೆಯುಂಟು. ಕಟ್ಟಿಸಿದವರಾರು, ಗುರುಗಳಾರು, ಯಾವ ಸಂವತ್ಸರ, ಎಷ್ಟು ಮತ್ತರು ಭೂಮಿ ಎಂಬುದನ್ನು ಅದು ಖಚಿತವಾಗಿ ತಿಳಿಸುತ್ತದೆ. ಬೆಳಗಿನ ಬಿಸಿಲು ಯಾವ ಕಂಬದ ಮೇಲೆ ಬೀಳುತ್ತಿತ್ತು, ಊರ ಕಡೆಯಿಂದ ಬರುವವನಿಗೆ ಶಿಖರವು ಎಲ್ಲಿ ಮೊದಲು ಕಾಣಿಸುತ್ತಿತ್ತು, ಬಾಗಿಲವಾಡದ ಬಳಿ ಯಾವ ಮರವಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಸಾಲೋಟಗಿಯ 27 ಮನೆಗಳ ಸಂಖ್ಯೆ ಉಳಿದಿದೆ. ಅವುಗಳ ಮುಖ ಉಳಿದಿಲ್ಲ. ಮಾತು ಹೇಳಲಾರದ ಈ ಭಾಗವನ್ನು ಉಳಿಸಿಕೊಡುವ ಸಾಧನಗಳಲ್ಲಿ ಒಂದು ಜಲವರ್ಣ ಚಿತ್ರ.

ಜಲವರ್ಣದ ರೀತಿಯನ್ನು ಎರಡು ಮಾತಿನಲ್ಲಿ ತಿಳಿಯಬೇಕು. ಇಲ್ಲಿ ಬಣ್ಣವನ್ನು ನೀರಿನಲ್ಲಿ ತೆಳುವಾಗಿ ಕಲಸಿ ಕಾಗದದ ಮೇಲೆ ಹರಿಯಬಿಡುತ್ತಾರೆ. ಎಣ್ಣೆಬಣ್ಣದಲ್ಲಿ ತಪ್ಪಿದ ಕಡೆ ಮೇಲೆ ಮತ್ತೊಂದು ಪದರ ಮೆತ್ತಿ ಮುಚ್ಚಬಹುದು. ಜಲವರ್ಣದಲ್ಲಿ ಕೆಳಗಿನ ಬಣ್ಣ ಮೇಲಿನದರೊಳಗಿಂದ ಕಾಣಿಸುತ್ತದೆ, ಆದುದರಿಂದ ತಪ್ಪು ಮುಚ್ಚುವುದಿಲ್ಲ. ತಿಳಿಯಿಂದ ಆರಂಭಿಸಿ ಗಾಢಕ್ಕೆ ಹೋಗಬೇಕು. ಶುದ್ಧ ಪದ್ಧತಿಯವರು ಬೆಳಕಿಗೆಂದು ಬಿಳಿಯ ಬಣ್ಣವನ್ನೇ ಬಳಸುವುದಿಲ್ಲ. ಕಾಗದದ ಬಿಳುಪನ್ನೇ ಮುಟ್ಟದೆ ಉಳಿಸಿಕೊಳ್ಳುತ್ತಾರೆ. ಹೀಗೆ ಚಿತ್ರದಲ್ಲಿ ಬೆಳಗುವ ಭಾಗವೆಲ್ಲ ಕಲಾವಿದನು ಕೈ ತಡೆದು ಬಿಟ್ಟ ಭಾಗವಾಗಿರುತ್ತದೆ. ಬಿಡಬೇಕಾದುದನ್ನು ಬಿಡುವ ಸಂಯಮವೇ ಈ ಕಲೆಯ ಜೀವಾಳ. ಸಾಮಗ್ರಿಯೂ ಅಲ್ಪ. ಒಂದು ಹಲಗೆ, ನಾಲ್ಕು ಹಾಳೆ, ಎರಡು ಕುಂಚ, ಬಣ್ಣದ ಪೆಟ್ಟಿಗೆ, ಒಂದು ತಂಬಿಗೆ ನೀರು. ಕಾಡುಮೇಡು ಅಲೆಯುವ ಮೋಜಣಿದಾರರ ಕೈಗೆ ಇದು ಒಗ್ಗಿದ್ದು ಆಶ್ಚರ್ಯವಲ್ಲ.

ಐಹೊಳೆಯ ಮೇಗುಟಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ಐಹೊಳೆ ಬಿಜಾಪುರ ಜಿಲ್ಲೆಗೇ ಸೇರಿತ್ತು. ಊರ ಪಕ್ಕದ ಗುಡ್ಡದ ಮೇಲೆ, ಕ್ರಿ. ಶ. 634ರಲ್ಲಿ, ಇಮ್ಮಡಿ ಪುಲಕೇಶಿಯ ಕಾಲದ ಕವಿ ರವಿಕೀರ್ತಿ ಕಟ್ಟಿಸಿದ ಜಿನಭವನವದು. ಪೂರ್ವದ ಗೋಡೆಯಲ್ಲಿ ಅವನ ಪ್ರಸಿದ್ಧ ಪ್ರಶಸ್ತಿ ಇದೆ. ಗರ್ಭಗೃಹದ ಜಿನಬಿಂಬ ಭಗ್ನವಾಗಿದೆ. ಅಲ್ಲಿದ್ದ ಅಂಬಿಕಾದೇವಿಯ ಸುಂದರ ಶಿಲ್ಪವು ಐಹೊಳೆಯ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಮಾಳಿಗೆಯ ಮೇಲೆ ಇನ್ನೊಂದು ಗರ್ಭಗೃಹ ಶೂನ್ಯವಾಗಿ ನಿಂತಿದೆ. ಈ ಕಟ್ಟಡದ ಮುಂದೆ ಕುಂಚ ಹಿಡಿದು ಕುಳಿತ ಕಲಾವಿದನು ಮೊದಲು ಆಕಾಶದ ತಿಳಿನೀಲಿಯನ್ನು ಹರಿಸುತ್ತಾನೆ. ಆಮೇಲೆ ಮಲಪ್ರಭೆಯ ಬಯಲಿನ ಹಸಿರು. ಅನಂತರ ಮರಳುಗಲ್ಲಿನ ಕೆಂಪು. ಕಟ್ಟಕಡೆಗೆ ಬಾಗಿಲಿನೊಳಗಿನ ಕತ್ತಲು. ಬಾಗಿಲ ಬಳಿ ಒಬ್ಬ ಕುರಿಗಾಹಿಯನ್ನು ಚಿಕ್ಕದಾಗಿ ಬರೆದರೆ ಸಾಕು, ಗೋಡೆಯ ಎತ್ತರ ನೋಡುವವನಿಗೆ ತಾನಾಗಿ ತಿಳಿಯುತ್ತದೆ.

ಜೈನ ದೃಷ್ಟಿಯಿಂದ ಇಂಥ ಚಿತ್ರದ ಅರ್ಥ ಇನ್ನೂ ಆಳವಾದುದು. ದ್ರವ್ಯವು ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರರಿಂದ ಕೂಡಿದುದೆಂದು ತತ್ತ್ವಾರ್ಥಸೂತ್ರ ಬೋಧಿಸುತ್ತದೆ. ಹೊಸ ಬಸದಿಯಲ್ಲಿ ಉತ್ಪಾದವು ಎದ್ದು ಕಾಣುತ್ತದೆ, ವ್ಯಯವು ಮರೆಯಲ್ಲಿರುತ್ತದೆ. ಹಾಳುಗುಡಿಯ ಚಿತ್ರದಲ್ಲಿ ಮೂರೂ ಒಟ್ಟಿಗೆ ಕಾಣುತ್ತವೆ. ಬಿದ್ದ ಕಲ್ಲು ವ್ಯಯ. ಅದರ ಸಂದಿಯಲ್ಲಿ ಚಿಗುರಿದ ಆಲದ ಸಸಿ ಉತ್ಪಾದ. ಎರಡರ ನಡುವೆಯೂ ಕಲ್ಲು ಕಲ್ಲಾಗಿಯೇ ಉಳಿದಿರುವುದು ಧ್ರೌವ್ಯ. ಅನಿತ್ಯಾನುಪ್ರೇಕ್ಷೆಗೆ ಇದಕ್ಕಿಂತ ಸುಲಭವಾದ ಆಲಂಬನ ಗೃಹಸ್ಥನಿಗೆ ದೊರೆಯುವುದು ವಿರಳ. ನಾಮ, ಸ್ಥಾಪನಾ, ದ್ರವ್ಯ, ಭಾವವೆಂಬ ನಾಲ್ಕು ನಿಕ್ಷೇಪಗಳಲ್ಲಿ ಚಿತ್ರವು ಸ್ಥಾಪನೆಗೆ ಸೇರುತ್ತದೆ. ಇಲ್ಲದುದನ್ನು ಅದರ ಆಕಾರದ ಮೂಲಕ ನೆನಪಿಗೆ ತರುವುದು ಅದರ ಕೆಲಸ.

ಈ ಕೆಲಸ ಕನ್ನಡ ನಾಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದ ಕಾಲವೊಂದಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರು ಸೀಮೆಯ ಮೋಜಣಿಯ ಹೊಣೆ ಕಾಲಿನ್ ಮೆಕೆಂಜಿ ಎಂಬ ಸೈನ್ಯಾಧಿಕಾರಿಗೆ ಬಂದಿತು. ಸ್ಕಾಟ್ಲೆಂಡಿನ ದ್ವೀಪವೊಂದರಲ್ಲಿ 1754ರಲ್ಲಿ ಹುಟ್ಟಿದ ಈತನು 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದನು, 1821ರಲ್ಲಿ ತೀರಿಕೊಂಡನು. ಸರಪಳಿ ಹಿಡಿದು ನೆಲ ಅಳೆಯುವುದಷ್ಟೇ ಅವನಿಗೆ ಸಾಕಾಗಲಿಲ್ಲ. ಹೋದ ಊರುಗಳಲ್ಲಿ ಶಾಸನದ ಪ್ರತಿ, ಕೈಫಿಯತ್ತು, ತಾಳೆಗರಿ, ನಾಣ್ಯ ಇವುಗಳನ್ನು ಕೂಡಿಹಾಕಿಸಿದನು. ತನ್ನ ನಕ್ಷೆಗಾರರಿಂದ ಗುಡಿ, ಕೋಟೆ, ಶಿಲ್ಪ, ನಿಸರ್ಗದೃಶ್ಯಗಳನ್ನು ಸೀಸಕಡ್ಡಿಯಲ್ಲೂ ಮಸಿಯಲ್ಲೂ ಜಲವರ್ಣದಲ್ಲೂ ಬರೆಯಿಸಿದನು. ಅವನ ಮರಣಾನಂತರ ಎಚ್. ಎಚ್. ವಿಲ್ಸನ್ ಸಿದ್ಧಪಡಿಸಿ 1828ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 8,076 ಶಾಸನಗಳೂ 2,630 ಚಿತ್ರಗಳೂ ಲೆಕ್ಕಕ್ಕೆ ಬಂದಿವೆ.

ಈ ಸಂಗ್ರಹದ ಹಿಂದೆ ಜೈನರ ಕೈಯಿತ್ತೆಂಬುದನ್ನು ಸಮಾಜವು ಮರೆಯಬಾರದು. ಮೆಕೆಂಜಿಯ ಸಹಾಯಕರಲ್ಲಿ ಕಾವಲಿ ಸೋದರರ ಜೊತೆಗೆ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನೂ ಇದ್ದನು. ಅದೇ ಮಲೆಯೂರಿನ ಕನಕಗಿರಿಯಲ್ಲಿ 1804ರಲ್ಲಿ ಮೆಕೆಂಜಿಯನ್ನು ಕಂಡು ಅವನಿಗೆ ನೆರವಾದವನು ದೇವಚಂದ್ರ. ಮುಂದೆ 'ರಾಜಾವಳೀಕಥೆ'ಯನ್ನು ಬರೆದ ಕವಿ ಈತನೇ. ಜೈನರ ಆಚಾರ ವಿಚಾರಗಳನ್ನು ಕುರಿತು ಜೈನ ಗುರುಗಳಿಂದಲೇ ಕೇಳಿ ಬರೆದುಕೊಂಡ ವೃತ್ತಾಂತವನ್ನು ಮೆಕೆಂಜಿ 'ಏಷಿಯಾಟಿಕ್ ರಿಸರ್ಚಸ್' ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದನು. ಥಾಮಸ್ ಹಿಕಿ ಎಂಬ ಕಲಾವಿದನು 1816ರಲ್ಲಿ ಬರೆದ ಮೆಕೆಂಜಿಯ ಭಾವಚಿತ್ರದಲ್ಲಿ ಅವನ ಸುತ್ತ ಮೂವರು ಭಾರತೀಯ ಸಹಾಯಕರಿದ್ದಾರೆ. ತಾಳೆಗರಿಯ ಕಟ್ಟನ್ನು ಹಿಡಿದು ನಿಂತವನು ಧರ್ಮಯ್ಯನೆಂದು ವಿದ್ವಾಂಸರು ಗುರುತಿಸಿದ್ದಾರೆ. ಹಿನ್ನೆಲೆಯಲ್ಲಿ, ದೂರದ ಎತ್ತರದಲ್ಲಿ, ಗೊಮ್ಮಟೇಶ್ವರ ಸ್ವಾಮಿಯ ಮೂರ್ತಿ ಕಾಣುತ್ತದೆ. ದೇಶವನ್ನೆಲ್ಲ ಅಳೆದವನು ತನ್ನ ಜೀವಮಾನದ ದುಡಿಮೆಗೆ ಗುರುತಾಗಿ ಬಾಹುಬಲಿಯನ್ನು ಬೆನ್ನಿಗಿರಿಸಿಕೊಂಡನು.

ಚಿತ್ರ ಬರೆಯಿಸಿದುದರ ಫಲವೇನೆಂಬುದನ್ನು ಆಂಧ್ರದ ಅಮರಾವತಿ ತೋರಿಸಿಕೊಡುತ್ತದೆ. ಅಲ್ಲಿಯ ಬೌದ್ಧ ಸ್ತೂಪವನ್ನು ಮೆಕೆಂಜಿ 1798ರಲ್ಲಿ ಮೊದಲು ಕಂಡನು. 1816ರಲ್ಲಿ ಮರಳಿ ಬರುವಷ್ಟರಲ್ಲಿ ದಿಬ್ಬದ ನಡುವೆ ಕೆರೆ ತೋಡಿದ್ದರು; ಕೆತ್ತನೆಯ ಕಲ್ಲುಗಳು ಹೊಸ ಕಟ್ಟಡಗಳಿಗೆ ಹೋಗಿದ್ದವು. ಉಳಿದುದನ್ನಾದರೂ ಬರೆದಿಡಬೇಕೆಂದು ಅವನು ನಕ್ಷೆಗಾರರನ್ನು ಕೂರಿಸಿದನು. ಆಮೇಲೆ ಎಷ್ಟೋ ಕಲ್ಲುಗಳು ಕಾಣೆಯಾದವು. ಸುಣ್ಣದ ಭಟ್ಟಿಗೂ ಹೋದವು. ಇಂದು ಆ ಕಲ್ಲುಗಳಿಲ್ಲ, ಅವುಗಳ ಚಿತ್ರವಿದೆ. ಕಲ್ಲಿಗಿಂತ ಕಾಗದ ಗಟ್ಟಿಯೆಂದು ಯಾರೂ ಹೇಳಲಾರರು. ಆದರೂ ಜತನದಿಂದ ಇಟ್ಟ ಕಾಗದವು, ಜತನವಿಲ್ಲದ ಕಲ್ಲಿಗಿಂತ ಹೆಚ್ಚು ಕಾಲ ಬಾಳಿತು.

ಬಿಜಾಪುರದ ಮಟ್ಟಿಗೆ ಈ ಬಗೆಯ ಕೆಲಸ ನಡೆದುದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ. ಕ್ಯಾಪ್ಟನ್ ಹಾರ್ಟ್, ಕಮ್ಮಿಂಗ್ ಎಂಬ ಇಂಜಿನಿಯರರೂ ದೇಶೀಯ ನಕ್ಷೆಗಾರರೂ ಆದಿಲಶಾಹಿ ಕಟ್ಟಡಗಳನ್ನು ಅಳೆದು ಚಿತ್ರಿಸಿದರು. ಆ ಚಿತ್ರಗಳೂ ಕರ್ನಲ್ ಬಿಗ್ಸ್ ಮೊದಲಾದವರ ಛಾಯಾಚಿತ್ರಗಳೂ 1866ರಲ್ಲಿ ದೊಡ್ಡ ಗ್ರಂಥವಾಗಿ ಹೊರಬಂದವು. ಅದಕ್ಕೆ ಚಾರಿತ್ರಿಕ ವಿವರಣೆ ಬರೆದವನು ಮೆಡೋಸ್ ಟೇಲರ್. ಸಿಂದಗಿ, ಮುದ್ದೇಬಿಹಾಳಗಳಿಗೆ ನೆರೆಯದಾದ ಸುರಪುರ ಸಂಸ್ಥಾನದ ಕಾರಭಾರವನ್ನು 1841ರಿಂದ ಹನ್ನೆರಡು ವರ್ಷ ನೋಡಿಕೊಂಡ ಟೇಲರನು ಈ ಭಾಗದವರಿಗೆ ಅಪರಿಚಿತನಲ್ಲ. ಈ ಗ್ರಂಥದಲ್ಲಿ ಇಂಜಿನಿಯರರ ಹೆಸರು ಮೊದಲ ಪುಟದಲ್ಲಿಯೇ ಇದೆ. ದೇಶೀಯ ನಕ್ಷೆಗಾರರು ಮಾತ್ರ 'ದೇಶೀಯ ನಕ್ಷೆಗಾರರು' ಎಂದಷ್ಟೇ ಉಳಿದಿದ್ದಾರೆ. ಕಟ್ಟಿದ ಶಿಲ್ಪಿಯ ಹೆಸರು ಮರೆಯಾದಂತೆ ಬರೆದ ಚಿತ್ರಗಾರನ ಹೆಸರೂ ಮರೆಯಾಯಿತು.

ಇದೇ ಮಾಲೆಯಲ್ಲಿ, ಅದೇ 1866ರಲ್ಲಿ, ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ಇನ್ನೊಂದು ಸಂಪುಟವೂ ಪ್ರಕಟವಾಯಿತು. ಅದರ ಪೋಷಕನು ಮುಂಬಯಿಯ ಪ್ರೇಮಚಂದ ರಾಯಚಂದ, ಜೈನ ವರ್ತಕ. ಮುಂಬಯಿಯ ರಾಜಾಬಾಯಿ ಗಡಿಯಾರ ಗೋಪುರವು ಅವನ ತಾಯಿಯ ಹೆಸರಿನದು. ಗುಜರಾತಿನ ಮೂಲದ ಶ್ರಾವಕನೊಬ್ಬನ ಹಣ ಕನ್ನಡ ನಾಡಿನ ಹಳೆಯ ಗುಡಿಗಳ ಚಿತ್ರಗಳನ್ನು ಅಚ್ಚು ಮಾಡಿಸಲು ಸಂದಿತು. ಅವುಗಳಲ್ಲಿ ತನ್ನ ಮತದ ಗುಡಿ ಎಷ್ಟು, ಪರಮತದ ಗುಡಿ ಎಷ್ಟು ಎಂಬ ಎಣಿಕೆ ಆ ದಾನಕ್ಕೆ ಅಡ್ಡಬರಲಿಲ್ಲ. ಜ್ಞಾನದಾನವೆಂದರೆ ಇದು.

ಆದರೆ ಚಿತ್ರವನ್ನು ಕಣ್ಣುಮುಚ್ಚಿ ನಂಬಲಾಗದು. ಹಾಳುಗುಡಿಯ ಚೆಲುವಿಗೆ ಮನಸೋತ ಕಲಾವಿದನು ಇಲ್ಲದ ಮರವನ್ನು ಬರೆಯಬಹುದು. ಇರುವ ಗುಡಿಸಲನ್ನು ಬಿಡಬಹುದು. ಗುಡ್ಡವನ್ನು ಇದ್ದುದಕ್ಕಿಂತ ಎತ್ತರಿಸಬಹುದು. ಚಿತ್ರದ ಕೆಳಗಿನ ಹೆಸರೇ ತಪ್ಪಾಗಿರಲೂಬಹುದು. ಹಂಪೆಯ ಹೇಮಕೂಟದಲ್ಲಿ ಮೆಟ್ಟಿಲುಗಳಂತೆ ಏರುವ ಶಿಖರಗಳಿರುವ ಗುಡಿಗಳನ್ನು ಬಹುಕಾಲ ಜೈನ ಬಸದಿಗಳೆಂದು ಕರೆಯುತ್ತ ಬಂದರು. ಅವು ಶೈವ ದೇವಾಲಯಗಳು. ಹಂಪೆಯ ನಿಜವಾದ ಜಿನಾಲಯಗಳಲ್ಲಿ ಒಂದಾದ ಗಾಣಿಗಿತ್ತಿ ಬಸದಿಯ ವಿಷಯದಲ್ಲಿ ಈ ಗೊಂದಲವಿಲ್ಲ. ಏಕೆಂದರೆ ಇಮ್ಮಡಿ ಹರಿಹರನ ದಂಡನಾಯಕ ಇರುಗಪ್ಪನು 1385ರಲ್ಲಿ ಕುಂಥುನಾಥ ಸ್ವಾಮಿಗೆ ಅದನ್ನು ಕಟ್ಟಿಸಿದನೆಂದು ಮುಂದಿರುವ ಕಂಬದ ಶಾಸನವೇ ಸಾಕ್ಷಿ ಹೇಳುತ್ತದೆ. ತನ್ನದಲ್ಲದ ಗುಡಿಯನ್ನು ತನ್ನದೆನ್ನುವುದು ಸತ್ಯವ್ರತಕ್ಕೆ ಸಲ್ಲದು. ಆದುದರಿಂದ ಚಿತ್ರಕ್ಕೆ ಶಾಸನದ ಆಸರೆ ಬೇಕು. ಶಾಸನಕ್ಕೆ ಚಿತ್ರದ ಆಸರೆ ಬೇಕು.

ಈಗ ಈ ನಾಲ್ಕು ಸೀಮೆಗಳ ಕಡೆಗೆ ತಿರುಗೋಣವೆಂದರೆ, ಇಲ್ಲಿಯ ಪರಿಸ್ಥಿತಿ ಯೋಚಿಸುವಂತಿದೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿಯ ಎರೆಭೂಮಿ. ಎರೆಯ ನೆಲ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲಿನ ಗೋಡೆಯೂ ಅದರೊಡನೆ ಅಲುಗುತ್ತದೆ. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಹಿನ್ನೀರು ಕೃಷ್ಣೆಯ ದಂಡೆಯ ಎಷ್ಟೋ ಊರುಗಳನ್ನು ಒಳಗೊಂಡಿತು. ಜನರು ಹೊಸ ನೆಲೆಗೆ ಹೋದರು. ಅವರ ಹಳೆಯ ಓಣಿ, ಅಗಸಿ, ಗುಡಿಕಟ್ಟೆಗಳ ನೆನಪು ಮುದುಕರ ಮಾತಿನಲ್ಲಿ ಮಾತ್ರ ಉಳಿಯಿತು. ನೀರಾವರಿಯಿಂದ ನಾಡಿಗೆ ಅನ್ನ ಬಂದುದನ್ನು ಯಾರೂ ಅಲ್ಲಗಳೆಯರು. ಮುಳುಗುವ ಮೊದಲು ಪ್ರತಿಯೊಂದು ಊರಿನಲ್ಲಿ ಒಬ್ಬ ಚಿತ್ರಕಲಾ ಶಿಕ್ಷಕನು ಹತ್ತು ಹಾಳೆ ಬರೆದಿಟ್ಟಿದ್ದರೆ ಅದಕ್ಕೆ ಅಡ್ಡಿಯೇನೂ ಇರಲಿಲ್ಲ.

ನೀರಿನಿಂದ ಆದ ನಷ್ಟಕ್ಕೆ ಒಂದು ಕಾರಣವಾದರೂ ಉಂಟು. ಭಕ್ತಿಯಿಂದ ಆಗುವ ನಷ್ಟಕ್ಕೆ ಕಾರಣ ಹೇಳುವುದು ಕಷ್ಟ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಹಳೆಯ ಬಸದಿಯನ್ನು ಬುಡಸಹಿತ ಕಿತ್ತು, ಅಕ್ಷರವಿರುವ ಕಲ್ಲನ್ನು ಮಗುಚಿ ಮೆಟ್ಟಿಲಿಗೆ ಹಾಸಿ, ಕೆತ್ತನೆಯ ಕಂಬಕ್ಕೆ ಎಣ್ಣೆಬಣ್ಣ ಬಳಿದು, ಪಾದಪೀಠದ ಬರಹವನ್ನು ಸಿಮೆಂಟಿನಲ್ಲಿ ಮುಚ್ಚಿದ ಪ್ರಸಂಗಗಳು ನಾಡಿನಲ್ಲಿ ಇಲ್ಲದಿಲ್ಲ. ಭಗ್ನಬಿಂಬವು ಪೂಜೆಗೆ ಸಲ್ಲದೆಂಬುದು ನಿಯಮ. ಪೂಜೆಗೆ ಸಲ್ಲದುದು ಜ್ಞಾನಕ್ಕೂ ಸಲ್ಲದೆಂದು ಆ ನಿಯಮ ಹೇಳುವುದಿಲ್ಲ. ಪೀಠದ ಮೇಲಿನ ಲಾಂಛನವೊಂದು ಉಳಿದರೂ ಅದು ಯಾವ ತೀರ್ಥಂಕರರ ಬಿಂಬವೆಂದು ತಿಳಿಯುತ್ತದೆ. ಅದನ್ನು ಹೊಳೆಗೆ ಬಿಟ್ಟರೆ ಆ ಊರಿನ ಜೈನರ ಇತಿಹಾಸದ ಒಂದು ಅಧ್ಯಾಯ ಹೊಳೆಗೆ ಹೋದಂತೆ. ಜೀರ್ಣೋದ್ಧಾರವೆಂಬ ಪದದಲ್ಲಿ ಇರುವುದು ಉದ್ಧಾರ. ಜೀರ್ಣವಾದುದನ್ನು ಮೇಲೆತ್ತುವುದು ಅದರ ಅರ್ಥ; ಕಾಣದಂತೆ ಮಾಡುವುದಲ್ಲ.

ಆದುದರಿಂದ ಪ್ರತಿಷ್ಠೆ ಮಾಡಿಸುವ ಸಮಾಜವು ಕೆಲವು ಕಾರ್ಯಗಳನ್ನು ಕೈಗೊಂಡರೆ ಹಿರಿಯರ ದಾರಿಯಲ್ಲಿ ನಡೆದಂತಾಗುವುದು.

ಮೊದಲನೆಯದು, ಯಾವ ಹಳೆಯ ಬಸದಿಯನ್ನೇ ಆಗಲಿ ಮುಟ್ಟುವ ಮೊದಲು ನಾಲ್ಕು ದಿಕ್ಕಿನಿಂದಲೂ ಚಿತ್ರ ಬರೆಯಿಸಬೇಕು, ಛಾಯಾಚಿತ್ರ ತೆಗೆಯಿಸಬೇಕು. ಛಾಯಾಚಿತ್ರವಿರುವಾಗ ಕುಂಚವೇಕೆಂದು ಕೇಳಬಹುದು. ಯಂತ್ರ ಕ್ಷಣದಲ್ಲಿ ಎಲ್ಲವನ್ನೂ ಹಿಡಿಯುತ್ತದೆ. ಬರೆಯುವವನು ಅರ್ಧ ದಿನ ಕುಳಿತು ಪ್ರತಿಯೊಂದು ಕಲ್ಲನ್ನೂ ನೋಡಬೇಕಾಗುತ್ತದೆ. ನೋಡಿದುದು ಅವನಿಗೆ ಮತ್ತೆ ಮರೆಯದು. ಊರಿನ ಹುಡುಗ ಹುಡುಗಿಯರಿಂದ ಬರೆಯಿಸಿದರೆ, ಆ ಬಸದಿ ಅವರಿಗೆ ಜೀವಮಾನವಿಡೀ ತಮ್ಮದಾಗುತ್ತದೆ.

ಎರಡನೆಯದು, ಪ್ರತಿ ಚಿತ್ರದ ಹಿಂಬದಿಯಲ್ಲಿ ಊರು, ದಿನಾಂಕ, ನಿಂತು ನೋಡಿದ ದಿಕ್ಕು, ಕಟ್ಟಡದ ಅಳತೆ, ಬರೆದವರ ಹೆಸರು ಇವುಗಳನ್ನು ತಪ್ಪದೆ ನಮೂದಿಸಬೇಕು. ಹೆಸರಿಲ್ಲದ ನಕ್ಷೆಗಾರರ ಸಾಲಿಗೆ ಮತ್ತೊಬ್ಬರು ಸೇರಬಾರದು.

ಮೂರನೆಯದು, ಶಾಸನಗಳ ಪಡಿಯಚ್ಚನ್ನು ಬಲ್ಲವರಿಂದ ತೆಗೆಯಿಸಿ, ಭಗ್ನ ಶಿಲ್ಪಗಳನ್ನು ಬಸದಿಯ ಆವರಣದಲ್ಲಿಯೇ ನೆರಳಿನಲ್ಲಿ ಎತ್ತರದ ಕಟ್ಟೆಯ ಮೇಲೆ ಇರಿಸಬೇಕು. ಪ್ರಾಚ್ಯವಸ್ತು ಇಲಾಖೆಗೆ ತಿಳಿಸಬೇಕು.

ನಾಲ್ಕನೆಯದು, ಜಲವರ್ಣವು ಬಿಸಿಲಿಗೆ ಬಣ್ಣಗೆಡುವ ವಸ್ತು. ಅದನ್ನು ಗೋಡ���ಗೆ ತೂಗುಹಾಕಿ ಮರೆಯದೆ, ಶಾಸ್ತ್ರಭಂಡಾರದ ತಾಳೆಗರಿಗಳಂತೆ ಬಟ್ಟೆಯಲ್ಲಿ ಸುತ್ತಿ, ಒಣಗಿದ ಪೆಟ್ಟಿಗೆಯಲ್ಲಿ ಕಾಪಾಡಬೇಕು. ಶ್ರುತಪಂಚಮಿಯಂದು ಗ್ರಂಥಗಳೊಡನೆ ಹೊರತೆಗೆದು ನೋಡಬೇಕು.

ಐದನೆಯದು ಎಲ್ಲಕ್ಕೂ ಮುಖ್ಯವಾದುದು. ಪ್ರತಿಷ್ಠೆಗೆಂದು ಕೂಡಿದ ಹಣದಲ್ಲಿ ಒಂದು ಪಾಲನ್ನು ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಶಾಶ್ವತ ನಿಧಿಯಾಗಿ ಬೇರೆ ಇರಿಸಬೇಕು. ಉತ್ಸವದ ಪೆಂಡಾಲು ಹತ್ತು ದಿನದ ಮೇಲೆ ಬಿಚ್ಚಿ ಹೋಗುತ್ತದೆ. ಮಾಳಿಗೆಯ ಮೊದಲ ಬಿರುಕು ಹತ್ತು ವರ್ಷದ ಮೇಲೆ ಕಾಣಿಸಿಕೊಳ್ಳುತ್ತದೆ. ಆಗ ಅದನ್ನು ತುಂಬಲು ಯಾರ ಮನೆಯ ಬಾಗಿಲಿಗೂ ಹೋಗಬೇಕಾಗಬಾರದು.

ಕೊನೆಯದಾಗಿ ಒಂದು ಸೂಚನೆ. ಇಂದು ಪ್ರತಿಷ್ಠೆಗೊಳ್ಳುತ್ತಿರುವ ಬಸದಿಯದೂ ಒಂದು ಜಲವರ್ಣ ಚಿತ್ರವನ್ನು ಈ ವಾರದಲ್ಲಿಯೇ ಬರೆಯಿಸಿ ಶಾಸ್ತ್ರಭಂಡಾರದಲ್ಲಿ ಇರಿಸುವುದು ಒಳ್ಳೆಯದು. ಸುಣ್ಣ ಬಿಳಿಯಾಗಿರುವಾಗ, ತೋರಣ ಹಸಿರಾಗಿರುವಾಗ, ಕಲ್ಲಿನ ಅಂಚು ಚೂಪಾಗಿರುವಾಗಲೇ ಬರೆಯಿಸಬೇಕು. ನೂರಾರು ವರ್ಷಗಳ ಮೇಲೆ, ಇದರ ಗೋಡೆಯೂ ಬಿರಿದ ದಿನ, ಅಂದಿನ ಶ್ರಾವಕರು ಪೆಟ್ಟಿಗೆಯನ್ನು ತೆರೆದು ಹಾಳೆಯನ್ನು ಕೈಗೆತ್ತಿಕೊಂಡರೆ, ಯಾವ ಕಲ್ಲನ್ನು ಎಲ್ಲಿ ಮರಳಿ ನಿಲ್ಲಿಸಬೇಕೆಂಬುದು ಅವರಿಗೆ ತಿಳಿಯುವುದು. ಚಾಂಕಿರಾಜನ ಜಿನಾಲಯದ ವಿಷಯದಲ್ಲಿ ಇಂದಿನವರಿಗೆ ದೊರೆಯದ ಸೌಲಭ್ಯ ಅವರಿಗಾದರೂ ದೊರೆಯಲಿ.

ಸಂಘಕ್ಕೆ ಕ್ಷೇಮವಾಗಲಿ. ಜಯ ಜಿನೇಂದ್ರ.